ಅರವತ್ತು ಕಿಲೋ, ಒಬ್ಬನ ಬೆನ್ನು: ಪಾರ್ಸೆಲ್ ಸಾಗಾಟದವರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯಲ್ಲಿ ಪಾರ್ಸೆಲ್ ಸಾಗಾಟ ನಡೆಸುತ್ತಿರುವ ಎಲ್ಲ ಸಂಸ್ಥೆಗಳ ಮುಖ್ಯಸ್ಥರಿಗೆ, ಹಾಗೂ ಕಾರ್ಮಿಕ ಇಲಾಖೆಯ ಜಿಲ್ಲಾ ಅಧಿಕಾರಿಗಳಿಗೆ,

ಮಾನ್ಯರೇ,

ಶಿರಸಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ 26 ವರ್ಷ ಬುಕಿಂಗ್ ಗುಮಾಸ್ತನಾಗಿ ದುಡಿದು, ಈಗ ಊರಿಗೆ ಮರಳಿ ಎರಡೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿರುವವನು ನಾನು. ಬಿಲ್ಟಿ (ಸರಕಿನ ರಸೀದಿ) ಬರೆಯುವುದು, ನಗ (ಸರಕಿನ ಒಂದೊಂದು ಪೆಟ್ಟಿಗೆ, ಮೂಟೆ) ಎಣಿಸುವುದು, ತೂಕ ಹಾಕಿಸುವುದು, ಸಂಜೆ ಹಮಾಲರ ಲೆಕ್ಕ ಚುಕ್ತಾ ಮಾಡುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಮನೆಗೆ ಬಂದ ಪಾರ್ಸೆಲ್ಲನ್ನು ನಾನು ಬೇರೆಯವರಂತೆ ನೋಡಲಾರೆ. ಒಳಗೇನಿದೆ ಎನ್ನುವುದಕ್ಕಿಂತ ಮೊದಲು ಅದು ಎಷ್ಟು ತೂಗುತ್ತದೆ, ಎಷ್ಟು ಕೈ ದಾಟಿ ಬಂದಿದೆ, ಯಾವ ಮೂಲೆ ಊರಿ ಬಿದ್ದಿದೆ ಎಂಬುದೇ ಕಣ್ಣಿಗೆ ಹೊಡೆಯುತ್ತದೆ. ಈ ಪತ್ರಕ್ಕೆ ಕಾರಣವಾದದ್ದೂ ಅಂಥದೊಂದು ಪೆಟ್ಟಿಗೆ.

ಕಳೆದ ಮಳೆಗಾಲದ ಆರಂಭದಲ್ಲಿ ಇನ್ವರ್ಟರಿಗೆಂದು ಬ್ಯಾಟರಿಯೊಂದನ್ನು ಮೊಬೈಲಿನಲ್ಲೇ ಆರ್ಡರ್ ಮಾಡಿ ತರಿಸಿದೆ. ಗಾಳಿಮಳೆಗೆ ತಂತಿಯ ಮೇಲೊಂದು ಮರ ಬಿದ್ದರೆ ಮೂರು ದಿನ ಕರೆಂಟಿನ ಮುಖ ಕಾಣದ ಹಳ್ಳಿ ನಮ್ಮದು. ತರಿಸಿದ್ದು 150 ಎಎಚ್‌ನ ಟ್ಯೂಬುಲರ್ ಬ್ಯಾಟರಿ, ಆಸಿಡ್ ತುಂಬಿಯೇ ಬರುವಂಥದು, ಹೆಚ್ಚುಕಡಿಮೆ 60 ಕಿಲೋ ತೂಗುವ ಸರಕು. ಅದನ್ನು ತಂದವನು ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬನೇ ಹುಡುಗ. ಗಾಡಿ ಓಡಿಸುವವನೂ ಅವನೇ, ಇಳಿಸುವವನೂ ಅವನೇ, ಸಹಿ ಹಾಕಿಸಿಕೊಂಡು ಫೋಟೋ ತೆಗೆಯುವವನೂ ಅವನೇ. ನಮ್ಮ ಮನೆಗೆ ಡಾಂಬರು ರಸ್ತೆಯಿಂದ ಇನ್ನೂರು ಹೆಜ್ಜೆ ಇಳಿಜಾರು, ಅದರಾಚೆ ಹಳ್ಳ, ಹಳ್ಳಕ್ಕೆ ನಡೆದು ದಾಟುವ ಕಾಲುಸಂಕ. ಅವನ ಫೋನು ಬಂದಾಗ ನಾನು ತೋಟದಲ್ಲಿದ್ದೆ. ಹತ್ತಿ ಬರುವಷ್ಟರಲ್ಲಿ ಅವನು ಪೆಟ್ಟಿಗೆಯನ್ನು ಗಾಡಿಯ ಅಂಚಿಗೆ ಎಳೆದು, ತೊಡೆಗೆ ಆನಿಸಿಕೊಂಡು, ಅಲ್ಲಿಂದ ಒಂದೇ ಉಸಿರಿಗೆ ಬೆನ್ನ ಮೇಲೆ ಹಾಕಿಕೊಂಡು ಹೊರಟಾಗಿತ್ತು. ಕಾಲಿನಲ್ಲಿ ಹವಾಯಿ ಚಪ್ಪಲಿ. ನೆಲ ಜಾರುತ್ತಿತ್ತು. ಸಂಕದ ಈಚೆಯ ತುದಿಗೆ ಬಂದವನು ಮಂಡಿ ಮಡಿಸಿ ಅದನ್ನು ಇಳಿಸಿದನು, ಆಮೇಲೆ ನೆಟ್ಟಗಾಗಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ಬಾಗಿಯೇ ನಿಂತು, “ಹೆಗಡೇರೇ, ಇದ್ರಾಗ ಏನೈತ್ರೀ?” ಎಂದು ಕೇಳಿದ.

ಮಾನ್ಯರೇ, ಈ ಪತ್ರದ ತಿರುಳು ಅವನ ಆ ಪ್ರಶ್ನೆಯೇ. ತಾನು ಹೊತ್ತದ್ದು ಏನು, ಅದರ ತೂಕ ಎಷ್ಟು ಎಂಬುದು ಹೊತ್ತವನಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಬಾರ್‌ಕೋಡ್ ಇತ್ತು, ನನ್ನ ಹೆಸರಿತ್ತು, ಪಿನ್ ಕೋಡ್ ಇತ್ತು, ಬೆಲೆ ಇತ್ತು, ಮಾರಾಟಗಾರನ ಜಿಎಸ್‌ಟಿ ಸಂಖ್ಯೆಯೂ ಇತ್ತು. ತೂಕ ಎಲ್ಲೂ ಇರಲಿಲ್ಲ. ಆಮೇಲೆ ಪೆಟ್ಟಿಗೆ ಬಿಚ್ಚಿದಾಗ ಬ್ಯಾಟರಿಯ ಮೈಮೇಲೆ, ತಯಾರಿಸಿದವರೇ ಅಚ್ಚುಹಾಕಿದ ಅಕ್ಷರಗಳಲ್ಲಿ, ತೂಕ ಕಂಡಿತು. ಒಂದು ರಟ್ಟಿನ ಹಾಳೆಯಷ್ಟು ಆಚೆಗೆ ಅದು ಅಚ್ಚಾಗಿದ್ದರೆ ಆ ಹುಡುಗ ನನ್ನನ್ನು ಕಾಯುತ್ತಿದ್ದ.

ಕೊನೆಗೆ ನಾನೂ ಪಕ್ಕದ ಮನೆಯವರೂ ಸೇರಿ ಬಿದಿರಿನ ಗಳಕ್ಕೆ ಹಗ್ಗ ಕಟ್ಟಿ ಅದನ್ನು ಸಂಕ ದಾಟಿಸಿದೆವು. ತಳದ ರಟ್ಟು ಒದ್ದೆಯಾಗಿ ಮೆತ್ತಗಾಗಿತ್ತು. ದಾರಿಯಲ್ಲೆಲ್ಲೋ ಅಡ್ಡಬಿದ್ದು ಆಸಿಡ್ ಜಿನುಗಿತ್ತು. ಗಾಡಿಯಲ್ಲಿ ಅದರ ಪಕ್ಕದಲ್ಲೇ ಯಾರದೋ ಬಟ್ಟೆಯ ಪೊಟ್ಟಣಗಳು, ಶಾಲೆಯ ಪುಸ್ತಕದ ಕಟ್ಟು ಇದ್ದವು. ಹುಡುಗ ಜಗಲಿಯ ಮೇಲೆ ಕೂರಲೂ ಆಗದೆ ಕಂಬಕ್ಕೆ ಆತುಕೊಂಡು, ಮನೆಯವಳು ಕೊಟ್ಟ ಮಜ್ಜಿಗೆ ಕುಡಿದು, “ಇನ್ನೂ ಹದಿನೇಳು ಡೆಲಿವರಿ ಅದಾವ್ರೀ” ಎಂದು ಹೊರಟ. ಎರಡು ವಾರದ ನಂತರ ಬೇರೊಬ್ಬ ಹುಡುಗ ಬಂದ. ಮೊದಲಿನವನು ಕೆಲಸ ಬಿಟ್ಟು ಮುಂಡಗೋಡ ಕಡೆಯ ತನ್ನ ಊರಿಗೆ ಹೋದನೆಂದೂ, ಸೊಂಟ ನೋವಿಗೆ ಔಷಧಿ ಮಾಡಿಸಿಕೊಳ್ಳುತ್ತಿದ್ದಾನೆಂದೂ ಹೇಳಿದ. ಸಂಸ್ಥೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದವರು ತಮಗಲ್ಲ ಎಂದು ಪತ್ರ ಮಡಚಿಟ್ಟುಬಿಡುತ್ತಾರೆ.

ಹಿಂದಿನ ಕಾಲ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ನಮ್ಮ ಗೋಡೌನಿನಲ್ಲಿ ಕ್ವಿಂಟಲ್ ಮೂಟೆಯನ್ನು ಒಬ್ಬನೇ ಹೊತ್ತು ಹಲಗೆ ಹತ್ತುವುದನ್ನು ನಾನು ದಿನವೂ ನೋಡಿದ್ದೇನೆ, ನಲವತ್ತೈದು ದಾಟುವಷ್ಟರಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಲಾಗದ ಹಮಾಲರನ್ನೂ ನೋಡಿದ್ದೇನೆ. ಆ ಬೆನ್ನುಗಳ ಲೆಕ್ಕ ನನ್ನ ಖಾತೆ ಪುಸ್ತಕದಲ್ಲಿ ಇರಲಿಲ್ಲ. ಆದರೂ ಅಲ್ಲಿ ಎರಡು ಸಂಗತಿಗಳಿದ್ದವು. ಭಾರದ ನಗದ ಮೇಲೆ ಕಪ್ಪು ಮಸಿಯಲ್ಲಿ ಗೇಣುದ್ದದ ಅಂಕಿಯಲ್ಲಿ ತೂಕ ಬರೆದಿರುತ್ತಿತ್ತು, ಅದನ್ನು ಓದಿದ ಮೇಸ್ತ್ರಿ ಎಷ್ಟು ಜನ ಹಿಡಿಯಬೇಕೆಂದು ಕೂಗಿ ಹೇಳುತ್ತಿದ್ದ. ತೂಕ ಹೆಚ್ಚಿದಂತೆ ಹಮಾಲಿಯ ದರವೂ ಹೆಚ್ಚುತ್ತಿತ್ತು. ಈಗಿನ ಹುಡುಗನಿಗೆ, ಅವನೇ ಹೇಳಿದ ಪ್ರಕಾರ, ಮೊಬೈಲಿನ ಕವರ್ ಕೊಟ್ಟರೂ ಅಷ್ಟೇ, ಬ್ಯಾಟರಿ ಹೊತ್ತರೂ ಅಷ್ಟೇ. ಗಾಡಿಯಲ್ಲಿ ಒಂದು ಹಲಗೆ, ಒಂದು ಕೈಗಾಡಿ, ಒಂದು ಹಗ್ಗವೂ ಇರಲಿಲ್ಲ.

ಒಬ್ಬ ಮನುಷ್ಯ ಎಷ್ಟು ಎತ್ತಬಹುದು ಎಂಬ ಪ್ರಶ್ನೆ ಹೊಸತೇನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗರಿಷ್ಠ ಭಾರದ ಬಗ್ಗೆ 127ನೇ ಒಡಂಬಡಿಕೆಯನ್ನು ಅಂಗೀಕರಿಸಿತು, ಅದರ ಜೊತೆಗಿನ ಶಿಫಾರಸಿನಲ್ಲಿ ವಯಸ್ಕ ಗಂಡಾಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಹೇಳಿತು. ಭಾರತ ಆ ಒಡಂಬಡಿಕೆಗೆ 2010ರಲ್ಲಿ ಒಪ್ಪಿಗೆ ಹಾಕಿದೆ. ಅದಕ್ಕೂ ಮೊದಲೇ ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಮು, ಮೈಗೆ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಕೂಡದು ಎಂದಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಲೆಕ್ಕಾಚಾರ ಇನ್ನೂ ಬಿಗಿಯಾಗಿದೆ: ಭಾರ ಮೈಗೆ ಹತ್ತಿರವಿದ್ದು, ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದು, ಸೊಂಟ ತಿರುಚದೆ, ಒಳ್ಳೆಯ ಹಿಡಿತದೊಂದಿಗೆ ಎತ್ತುವುದಾದರೆ 23 ಕಿಲೋ, ಇವುಗಳಲ್ಲಿ ಯಾವುದೊಂದು ತಪ್ಪಿದರೂ ಆ 23 ಇಳಿಯುತ್ತಾ ಹೋಗುತ್ತದೆ. ಗಾಡಿಯ ಒಳಮೂಲೆಗೆ ಕೈ ಚಾಚಿ, ಹಿಡಿಯಲು ಕಿವಿಯಿಲ್ಲದ ರಟ್ಟಿನ ಪೆಟ್ಟಿಗೆಯನ್ನು ಮಳೆಯಲ್ಲಿ ಎಳೆಯುವವನಿಗೆ ಎಷ್ಟು ಉಳಿಯಿತೆಂದು ನೀವೇ ಲೆಕ್ಕ ಹಾಕಿ. ಕೆಲವು ಕಡೆ ಈ ತಿಳಿವಳಿಕೆ ನಿಯಮವಾಗಿದೆ ಎನ್ನುವುದೂ ನಿಜ. ಅಮೆರಿಕದ ಪಾರ್ಸೆಲ್ ಸಾಗಾಟ ಸಂಸ್ಥೆ ಯುಪಿಎಸ್ 70 ಪೌಂಡ್, ಅಂದರೆ ಸುಮಾರು 32 ಕಿಲೋ ಮೀರಿದ ಪ್ರತಿ ಪೆಟ್ಟಿಗೆಗೂ ಭಾರದ ಚೀಟಿ ಅಂಟಿಸಬೇಕೆನ್ನುತ್ತದೆ. ನಮ್ಮ ಅಂಚೆ ಇಲಾಖೆ ಸ್ಪೀಡ್ ಪೋಸ್ಟಿಗೆ 35 ಕಿಲೋದ ಮಿತಿ ಹಾಕಿಕೊಂಡಿದೆ. ಮಿತಿ ಇರುವಲ್ಲಿ ಕೌಂಟರಿನಲ್ಲೇ ಒಬ್ಬ ‘ಆಗುವುದಿಲ್ಲ’ ಎನ್ನುತ್ತಾನೆ. ನಿಮ್ಮ ಜಾಲದಲ್ಲಿ ಆ ಮಾತನ್ನು ಹೇಳುವವರು ಯಾರೂ ಇಲ್ಲದ್ದರಿಂದ, ಅದನ್ನು ಕೊನೆಗೆ ಹುಡುಗನ ಸೊಂಟ ಹೇಳಬೇಕಾಯಿತು.

ತೂಕವನ್ನು ಕೆಲವೊಮ್ಮೆ ಬರೆದಿರುತ್ತೀರಿ, ಒಪ್ಪುತ್ತೇನೆ. ಆದರೆ ಅದು ಯಾವ ತೂಕ? ಈ ವ್ಯವಹಾರದಲ್ಲಿ ಎರಡು ತೂಕಗಳಿವೆ ಎಂಬುದು ಗ್ರಾಹಕರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಒಂದು ತಕ್ಕಡಿ ತೋರಿಸುವ ತೂಕ. ಇನ್ನೊಂದು ಅಳತೆಯಿಂದ ಬರುವ ತೂಕ: ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವ ಅಂಕಿ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 60, 50, 50 ಸೆಂಟಿಮೀಟರಿನ ಪೆಟ್ಟಿಗೆ ಈ ಲೆಕ್ಕದಲ್ಲಿ 30 ಕಿಲೋ; ಒಳಗೆ ದಿಂಬುಗಳಿದ್ದು ತಕ್ಕಡಿಯಲ್ಲಿ ನಾಲ್ಕೇ ಕಿಲೋ ತೂಗಿದರೂ ಬಿಲ್ಲಿನಲ್ಲಿ 30. ಗಾಡಿಯಲ್ಲಿ ಜಾಗ ಹಿಡಿಯುತ್ತದೆಯಾದ್ದರಿಂದ ಬಾಡಿಗೆ ಕೇಳುವುದು ನ್ಯಾಯವೇ. ನಾನೂ ಹತ್ತಿಯ ಅಂಡಿಗೆಗೆ ಹಾಗೆಯೇ ಕೇಳಿದ್ದೇನೆ. ತೊಂದರೆ ಇರುವುದು ಆ ಬಾಡಿಗೆಯ ಅಂಕಿಯನ್ನೇ ಚೀಟಿಯ ಮೇಲೆ ಅಚ್ಚು ಹಾಕುವುದರಲ್ಲಿ. 30 ಎಂದು ಬರೆದ ದಿಂಬಿನ ಪೆಟ್ಟಿಗೆಯನ್ನು ಬೆಳಗ್ಗೆ ಒಂದೇ ಕೈಯಲ್ಲಿ ಎತ್ತಿದವನು, ಮಧ್ಯಾಹ್ನ 30 ಎಂದು ಬರೆದ ಪಂಪಿನ ಪೆಟ್ಟಿಗೆಗೆ ಅದೇ ಧೈರ್ಯದಲ್ಲಿ ಕೈ ಹಾಕುತ್ತಾನೆ. ಎರಡು ಸಲ ಮೋಸಹೋದ ಮೇಲೆ ಚೀಟಿ ಓದುವುದನ್ನೇ ಬಿಟ್ಟುಬಿಡುತ್ತಾನೆ. ಹಣದ ತೂಕವೊಂದು, ಬೆನ್ನಿನ ತೂಕವೊಂದು. ಎರಡನೆಯದು ಪೆಟ್ಟಿಗೆಯ ಮೇಲೆ ಬರಬೇಕು.

ಇನ್ನು, ಇಂಥ ಸರಕು ಎಷ್ಟು ಸಲ ನೆಲ ಕಾಣುತ್ತದೆ ಎಂಬ ಲೆಕ್ಕ. ದೊಡ್ಡ ಕೇಂದ್ರಗಳಲ್ಲಿ ಪೊಟ್ಟಣಗಳನ್ನು ವಿಂಗಡಿಸುವ ಬೆಲ್ಟುಗಳು ಹಗುರ ಮತ್ತು ಮಧ್ಯಮ ಪೆಟ್ಟಿಗೆಗಳಿಗಾಗಿ ಮಾಡಿದವು. ಭಾರದ್ದು, ಉದ್ದದ್ದು, ಉರುಳುವಂಥದ್ದು ಬೆಲ್ಟಿಗೆ ಹತ್ತುವುದಿಲ್ಲ, ಅದನ್ನು ಬದಿಗೆ ತೆಗೆದು ಕೈಯಲ್ಲೇ ಸಾಗಿಸಬೇಕು. ನನ್ನ ಬ್ಯಾಟರಿ ಬೆಂಗಳೂರಿನ ಮಾರಾಟಗಾರನ ಗೋಡೌನಿನಿಂದ ಹೊರಟು ಅಲ್ಲಿಯ ಕೇಂದ್ರ, ಹುಬ್ಬಳ್ಳಿಯ ಕೇಂದ್ರ, ಶಿರಸಿಯ ಚಿಕ್ಕ ಮಳಿಗೆ, ಅಲ್ಲಿಂದ ಗಾಡಿ ಎಂದು ಬಂದಿತ್ತು. ಹತ್ತಿಸಿದ್ದು ಇಳಿಸಿದ್ದು ಸೇರಿದರೆ ಕಡಿಮೆಯೆಂದರೂ ಎಂಟು ಸಲ. ಹುಬ್ಬಳ್ಳಿಯವರೆಗೆ ಎಲ್ಲಾದರೂ ಫೋರ್ಕ್‌ಲಿಫ್ಟೋ ಟ್ರಾಲಿಯೋ ಇದ್ದಿರಬಹುದು. ಶಿರಸಿಯ ಮಳಿಗೆಯಲ್ಲಿ ನಾನು ಕಂಡದ್ದು ರಸ್ತೆಯ ಮಟ್ಟದ ಸಿಮೆಂಟು ನೆಲ, ಒಂದು ಶಟರು, ಒಂದು ಸ್ಕ್ಯಾನರು. ಗಾಡಿಯ ತಳದ ಎತ್ತರಕ್ಕೆ ಒಂದು ಕಟ್ಟೆಯೂ ಇಲ್ಲ. ಕೊಂಕಣ ರೈಲ್ವೆಯವರು 1999ರಿಂದ ಸರಕು ತುಂಬಿದ ಲಾರಿಯನ್ನೇ ರೈಲಿನ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುತ್ತಿರುವುದು ನಿಮಗೆ ಗೊತ್ತು. ಸರಕನ್ನು ನಡುದಾರಿಯಲ್ಲಿ ಮುಟ್ಟದಿರುವುದೇ ಅದರ ಜಾಣತನ. ಭಾರದ ಸರಕಿಗೆ ಮುಟ್ಟಿದಷ್ಟೂ ಕೇಡು, ಮುಟ್ಟಿದವನಿಗೂ ಕೇಡು. ಭಾರದ ನಗಗಳನ್ನು ಹುಬ್ಬಳ್ಳಿಯಲ್ಲೇ ಬೇರ್ಪಡಿಸಿ, ಪೊಟ್ಟಣಗಳ ರಾಶಿಗೆ ಸೇರಿಸದೆ, ವಾರಕ್ಕೆರಡು ದಿನ ಒಂದೇ ಗಾಡಿಯಲ್ಲಿ ತಾಲೂಕಿಗೆ ತಂದರೆ ಆ ಎಂಟರಲ್ಲಿ ಒಂದೆರಡಾದರೂ ಕಡಿಮೆಯಾಗುತ್ತವೆ. ಪಕ್ಕದ ಪುಸ್ತಕಕ್ಕೆ ಆಸಿಡ್ ತಾಗುವುದೂ ತಪ್ಪುತ್ತದೆ.

ವಾರಕ್ಕೆರಡೇ ದಿನವೆಂದರೆ ಗ್ರಾಹಕರು ಸಿಟ್ಟಾಗುತ್ತಾರೆ ಎನ್ನುವಿರಿ. ಈ ಜಿಲ್ಲೆಯ ಗ್ರಾಹಕರು ಆಗುವುದಿಲ್ಲ. ನಾವು 12 ತಾಲೂಕುಗಳ, ಕಾಡು, ಘಟ್ಟ, ನದಿಗಳ ಜಿಲ್ಲೆಯವರು. ಮಳೆಗಾಲದಲ್ಲಿ ರಸ್ತೆ ಎಂದರೇನು ಎಂದು ಬಲ್ಲವರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ಕಟ್ಟಿಗೆ ತುಂಬಿದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ನದಿಗೆ ಹೋದದ್ದನ್ನೂ, ಅದನ್ನು ಮೇಲೆತ್ತಲು ಸೆಪ್ಟೆಂಬರ್ ಕೊನೆಯ ವಾರವಾದದ್ದನ್ನೂ ನಾವು ಮರೆತಿಲ್ಲ. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗಲೂ ನೀರಿಗೆ ಬಿದ್ದದ್ದು ಒಂದು ಲಾರಿಯೇ. ಪುಣ್ಯಕ್ಕೆ ಚಾಲಕ ಬದುಕಿಕೊಂಡ. ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿತೆಂದರೆ ಶಿರಸಿ–ಕುಮಟಾ ನಡುವಿನ ಭಾರೀ ವಾಹನಗಳು ಬಳಸುದಾರಿ ಹಿಡಿಯಬೇಕು. ಇಂಥಲ್ಲಿ ‘ಇಂದು ರಾತ್ರಿ 9ರೊಳಗೆ’ ಎಂದು ಬರುವ ಸಂದೇಶವನ್ನು ನಂಬಿ ಕೂರುವವರು ಯಾರೂ ಇಲ್ಲ, ಆದರೆ ಆ ಸಂದೇಶದ ಗಡಿಯಾರಕ್ಕೆ ಹೆದರಿ ಓಡುವವನು ಒಬ್ಬನಿದ್ದಾನೆ. ನನ್ನನ್ನು ಕಾಯದೆ ಅವನು ಪೆಟ್ಟಿಗೆ ಹೊತ್ತದ್ದೂ ಅದೇ ಗಡಿಯಾರದಿಂದಲೇ. ಪಿನ್ ಕೋಡ್ ಬಂದದ್ದು 1972ರಲ್ಲಿ, ಕಾಗದ ಯಾವ ಅಂಚೆ ಕಚೇರಿಗೆ ಹೋಗಬೇಕೆಂದು ತಿಳಿಸಲು. 581401 ಎಂದರೆ ಶಿರಸಿ ಎಂದು ಗೊತ್ತಾಗುತ್ತದೆ. ಮನೆಯ ಮುಂದೆ ಸಂಕವಿದೆಯೋ, ಇಳಿಜಾರಿದೆಯೋ, ಎತ್ತಲು ಕೈ ಜೋಡಿಸುವವರು ಇದ್ದಾರೋ ಎಂಬುದು ಆ ಆರು ಅಂಕಿಗಳಲ್ಲಿ ಇಲ್ಲ. ಭಾರದ ಸರಕು ಬುಕ್ ಆದ ದಿನವೇ ಒಂದು ಫೋನು ಮಾಡಿ ಕೇಳಿದರೆ ಎರಡು ನಿಮಿಷದ ಕೆಲಸ.

ಸರಕು ಕೆಟ್ಟಾಗಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ರಸ್ತೆ ಸಾಗಣೆಯ 2007ರ ಕಾಯ್ದೆ ಮತ್ತು ಅದರ 2011ರ ನಿಯಮಗಳಂತೆ, ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ನಷ್ಟದ ಲಿಖಿತ ನೋಟಿಸನ್ನು ಬುಕಿಂಗ್ ದಿನದಿಂದ 180 ದಿನಗಳೊಳಗೆ ಕೊಡಬೇಕು. ಬಿಲ್ಟಿ ಕೈಯಲ್ಲಿದ್ದ ಕಾಲದಲ್ಲಿ ಇದು ನಡೆಯುತ್ತಿತ್ತು. ಈಗ ‘ಉಚಿತ ಡೆಲಿವರಿ’. ಬಾಡಿಗೆ ಕೊಟ್ಟವನು ಮಾರಾಟಗಾರ, ಎಷ್ಟು ಕೊಟ್ಟನೆಂಬುದು ನಮಗೆ ಕಾಣದು, ಯಾವುದರ ಹತ್ತು ಪಟ್ಟೆಂದು ಕೇಳಲು ಚೀಟಿಯೂ ಇಲ್ಲ. ನನಗೆ ಬ್ಯಾಟರಿ ಬದಲಿಸಿ ಕೊಟ್ಟರು, ಅದಕ್ಕೆ ನಾನು ಋಣಿ. ಸೊಂಟ ಬದಲಿಸಿ ಕೊಡುವ ಕೌಂಟರು ಎಲ್ಲಿದೆಯೆಂದು ಮಾತ್ರ ಹುಡುಗನಿಗೆ ಯಾರೂ ಹೇಳಿದಂತಿಲ್ಲ.

ಹಾಗಾದರೆ ನಾನು ಕೇಳುವುದೇನು? 25 ಕಿಲೋ ಮೀರಿದ ಪ್ರತಿ ನಗದ ಮೇಲೆ, ಕನಿಷ್ಠ ಎರಡು ಮಗ್ಗುಲಿಗೆ, ತಕ್ಕಡಿಯ ತೂಕವನ್ನು ಅಂಗೈ ಅಗಲದ ಅಂಕಿಯಲ್ಲಿ ಬರೆಯಿಸಿ. ಮಾರಾಟಗಾರ ಬರೆಯದಿದ್ದರೆ ಬುಕಿಂಗಿನಲ್ಲೇ ತಡೆಯಿರಿ. ಅಂಥ ನಗವನ್ನು ಮುಟ್ಟುವ ಕಡೆಯೆಲ್ಲ ಎರಡು ಜನ, ಒಂದು ಕೈಗಾಡಿ ಇರಲಿ, ದರವೂ ಎರಡು ಜನರದ್ದಿರಲಿ. ಗಾಡಿಯಲ್ಲಿ ಅದು ತಳದಲ್ಲಿ, ಬಾಗಿಲ ಹತ್ತಿರ, ಪಟ್ಟಿಯಿಂದ ಬಿಗಿದು ಕೂರಲಿ. ಬ್ಯಾಟರಿ, ಎಣ್ಣೆ, ತೋಟಕ್ಕೆ ಸಿಂಪಡಿಸುವ ಔಷಧಿಯಂಥ ಸುರಿಯುವ ಸರಕನ್ನು ಬಟ್ಟೆ, ಪುಸ್ತಕ, ತಿಂಡಿಯ ಜೊತೆ ಒಟ್ಟಬೇಡಿ. ತಾಲೂಕು ಕೇಂದ್ರದಲ್ಲಿ ಗಾಡಿಯ ತಳದ ಎತ್ತರಕ್ಕೆ ಕಟ್ಟೆಯಿರುವ ಒಂದು ಜಾಗ ಮಾಡಿ; ಬೇಕಾದವರು ತಮ್ಮ ಗಾಡಿ ತಂದು ಅಲ್ಲಿಂದಲೇ ಒಯ್ಯಲಿ, ಅವರಿಗೆ ಸ್ವಲ್ಪ ಬಾಡಿಗೆ ಬಿಟ್ಟುಕೊಡಿ. ಒಬ್ಬೊಬ್ಬರೇ ಮಾಡಲು ದುಬಾರಿಯೆನಿಸಿದರೆ ಎಲ್ಲರೂ ಸೇರಿ ಒಂದೇ ಕಟ್ಟೆ ಕಟ್ಟಿಸಬಹುದು. ಸರ್ಕಾರಿ ಬಸ್ಸುಗಳ ‘ನಮ್ಮ ಕಾರ್ಗೋ’ ಸೇವೆ 2021ರಿಂದ ನಡೆದಿದೆ, ಬಸ್ ನಿಲ್ದಾಣಗಳು ಊರ ನಡುವೆಯೇ ಇವೆ. ಅಲ್ಲೊಂದು ಮೂಲೆಯನ್ನು ಬಾಡಿಗೆಗೆ ಕೇಳಲು ಅಡ್ಡಿಯೇನು?

ಕಾರ್ಮಿಕ ಇಲಾಖೆಯವರಲ್ಲಿ ಒಂದು ಮಾತು. ನಮ್ಮ ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಮೊಬೈಲ್ ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವವರ, ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು, ಸಂಸ್ಥೆಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕೆಂದಿತು. ಸ್ವಾಗತ. ಆದರೆ ನಿಧಿ ಎಂಬುದು ಬೆನ್ನು ಮುರಿದ ಮೇಲಿನ ಮಾತು. ಮುರಿಯುವ ಮೊದಲು ನೋಡಬೇಕಾದದ್ದು ತಕ್ಕಡಿ. ಒಂದು ದಿನ ಬೆಳಗ್ಗೆ ಏಳಕ್ಕೆ ಶಿರಸಿಯಲ್ಲೋ ಕಾರವಾರದಲ್ಲೋ ಯಾವುದಾದರೂ ಪಾರ್ಸೆಲ್ ಮಳಿಗೆಯ ಮುಂದೆ ತಕ್ಕಡಿಯಿಟ್ಟುಕೊಂಡು ನಿಲ್ಲಿ. ಗಾಡಿಗೆ ಏರುವ ಭಾರದ ನಗಗಳನ್ನು ತೂಗಿ, ಚೀಟಿಯ ಅಂಕಿಯೊಂದಿಗೆ ಹೋಲಿಸಿ, ಗಾಡಿಯಲ್ಲಿ ಎಷ್ಟು ಜನರಿದ್ದಾರೆಂದು ಬರೆದುಕೊಳ್ಳಿ. ವರದಿ ಒಂದೇ ಪುಟದ್ದಾದರೂ ಸಾಕು.

ತಪ್ಪು ನಮ್ಮದೂ ಇದೆ ಎಂಬುದನ್ನು ಮುಚ್ಚಿಡಲಾರೆ. ಅದೇ ಬ್ಯಾಟರಿ ಶಿರಸಿ ಪೇಟೆಯಲ್ಲಿ ಸಿಗುತ್ತಿತ್ತು. ಅಂಗಡಿಯವರು ಟೆಂಪೋದಲ್ಲಿ ಇಬ್ಬರು ಆಳುಗಳೊಂದಿಗೆ ಕಳಿಸಿ, ಹಳೆಯದನ್ನು ಎತ್ತಿಕೊಂಡು ಹೋಗುತ್ತಿದ್ದರು. ಏಳುನೂರು ರೂಪಾಯಿ ಉಳಿಯಿತೆಂದು ನಾನು ಮೊಬೈಲು ಒತ್ತಿದೆ. ಆ ಏಳುನೂರು ಯಾರ ಮೈಯಿಂದ ಉಳಿಯಿತೆಂಬುದು ಜೀವಮಾನವಿಡೀ ಹಮಾಲಿ ಲೆಕ್ಕ ಬರೆದ ನನಗೆ ಒತ್ತುವಾಗಲೇ ಹೊಳೆಯಬೇಕಿತ್ತು.

ಅಡಿಕೆ ಕೊಯ್ಲಿಗೆ ಮುಂಚೆ ಸುಲಿಯುವ ಯಂತ್ರವೊಂದನ್ನು ತರಿಸಬೇಕಾಗಿದೆ. ಅದು ಪೇಟೆಯಲ್ಲಿ ನಮಗೆ ಬೇಕಾದ ಅಳತೆಯಲ್ಲಿ ಸಿಗದ ಕಾರಣ ನಿಮ್ಮಲ್ಲೊಬ್ಬರ ಕೈಯಿಂದಲೇ ಬರಬೇಕು. ಬುಕ್ ಮಾಡುವಾಗ ವಿಳಾಸದ ಕೆಳಗೆ ಅದರ ತೂಕವನ್ನು ನಾನೇ ಬರೆಯುತ್ತೇನೆ. ಡಾಂಬರು ರಸ್ತೆಯ ಬದಿಗೆ, ನಮ್ಮ ಇಳಿಜಾರು ಶುರುವಾಗುವಲ್ಲಿ, ಚೀರೆಕಲ್ಲಿನಿಂದ ಎರಡೂವರೆ ಅಡಿ ಎತ್ತರದ ಕಟ್ಟೆಯೊಂದನ್ನು ಕಟ್ಟಿಸಿದ್ದೇನೆ. ನಿಮ್ಮ ಹುಡುಗ ಗಾಡಿಯನ್ನು ಹಿಮ್ಮುಖವಾಗಿ ತಂದು ಅದಕ್ಕೆ ತಾಗಿಸಿ, ಪೆಟ್ಟಿಗೆಯನ್ನು ಅದರ ಮೇಲೆ ಸರಿಸಿ ಫೋನು ಮಾಡಿದರಾಯಿತು. ಗಳ, ಹಗ್ಗ, ಇನ್ನೊಬ್ಬ ಆಳು ನಮ್ಮ ಕಡೆಯಿಂದ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ, ನಿವೃತ್ತ ಬುಕಿಂಗ್ ಗುಮಾಸ್ತ